ಹಾಲೊಡಕಿನ ರಾತ್ರಿ

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು.
ನಾನು ಊರ ಬಾಯಿಗೆ ಕಿವಿಗೊಟ್ಟವಳಲ್ಲ.
ಮೂವತ್ತೊಂದು ವರ್ಷ ಆಲಿಸಿದ್ದು
ಅದರ ಇನ್ನೊಂದು ತುದಿಯನ್ನು.

ಅಲ್ಲಿಂದ ಸುಳ್ಳು ಬರುವುದಿಲ್ಲ.
ಶನಿವಾರ ಸೌನಾ, ಎಂಟಕ್ಕೆ ಮುಳ್ಳು ಮೇಲೇರುತ್ತದೆ.
ಐಸ್ ಹಾಕಿಯ ಎರಡು ವಿರಾಮಕ್ಕೆ ಎರಡು ದಿಬ್ಬ.
ಮಾರ್ಚಿನಲ್ಲಿ ಹಿಮ ಕರಗಿ, ಬಿರುಕುಬಿಟ್ಟ ಹಳೇ ಕೊಳವೆಯೊಳಗೆ
ಕರೆಯದ ನೆಂಟನ ಹಾಗೆ ನುಗ್ಗುತ್ತದೆ.
ಯಾರು ಏನನ್ನು ಗುಟ್ಟಾಗಿ ತೊಳೆದು ಬಿಟ್ಟರೆಂದು
ಕಬ್ಬಿಣದ ಜಾಲರಿಗೆ ಗೊತ್ತು.
ಜಾಲರಿ ಮರ್ಯಾದಸ್ಥ, ಆಡಿಕೊಳ್ಳುವುದಿಲ್ಲ.

ಜೂನ್ ಇಪ್ಪತ್ತಮೂರು, ಯಾಣಿ ಹಬ್ಬದ ಸಂಜೆ.
ಲಾಟ್ವಿಯಾದ ಯಾವ ಅಡುಗೆಮನೆಗೆ ಹೋಗಿ ನೋಡಿ,
ಹಾಲು ಒಡೆಸಿ, ಶಾಹಿ ಜೀರಿಗೆ ಬೆರೆಸಿ
ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕಿರುತ್ತಾರೆ ಚೀಸು.
ತೊಟ್ಟಿಕ್ಕಿದ ಹಳದಿ ನೀರು?
ಸಿಂಕಿಗೆ.
ಒಂದು ಬಕೆಟ್ಟು ಯಾವ ಲೆಕ್ಕ?
ಒಂಬೈನೂರು ಮನೆ, ಒಂದೇ ಸಂಜೆ.
ಹಂದಿಗೆ ಹಾಕಿ, ಮರದ ಬುಡಕ್ಕೆ ಸುರಿಯಿರಿ ಎಂದು
ಬೇಕರಿಯ ಬಾಗಿಲಿಗೆ ಚೀಟಿ ಅಂಟಿಸಿದ್ದೆ.
ಯಾರೋ ಅದರ ಮೇಲೊಂದು ಹಂದಿ ಬರೆದು
ನನ್ನ ಕನ್ನಡಕ ತೊಡಿಸಿದ್ದರು. ಹೋಲಿಕೆ ಚೆನ್ನಾಗಿತ್ತು.

ಒಂಬತ್ತೂವರೆ. ಸೂರ್ಯ ಇನ್ನೂ ಹೋಗುವ ಮನಸ್ಸು ಮಾಡಿಲ್ಲ.
ಗಾಳಿತೊಟ್ಟಿಯಲ್ಲಿ ಆಮ್ಲಜನಕ ಎರಡಿದ್ದದ್ದು ಒಂದು,
ಸೊನ್ನೆ ಪಾಯಿಂಟ್ ಮೂರು.
ಒಂದೇ ಬ್ಲೋಯರು ಉಬ್ಬಸದಲ್ಲಿ ಏದುತ್ತಿದೆ;
ಇನ್ನೊಂದರ ಬೆಲ್ಟು ಏಪ್ರಿಲಿನಿಂದ
ಪುರಸಭೆಯ ಕಡತದಲ್ಲಿ ತಿರುಗುತ್ತಿದೆ.
ಸೂಕ್ಷ್ಮದರ್ಶಕದಡಿ ನನ್ನ ಗಂಟೆಹುಳುಗಳು
ದಂಟು ಸುರುಳಿಸುತ್ತಿ, ಬಾಯಿ ಬಿಗಿದು,
ಊಟ ಒಲ್ಲೆನೆಂದು ಮುನಿದ ಮಕ್ಕಳು.

ಫೋನಿನಲ್ಲಿ ವಾಲ್ಫ್ರೀಡ್ಸ್, ಹಿಂದೆ ಅಕಾರ್ಡಿಯನ್:
"ಬೈಪಾಸ್ ತೆಗಿ, ಸ್ಕೈದ್ರೀತೆ. ಒಂದು ರಾತ್ರಿ ತಾನೆ.
ಹೊಳೆಗೇನಂತೆ, ಹರಿದು ಹೋಗುತ್ತೆ."

ಹರಿದು ಎಲ್ಲಿಗೆ?
ಇನ್ನೂರು ಹೆಜ್ಜೆ ಕೆಳಗೆ, ಮರಳಿನೊಳಗೆ
ಲ್ಯಾಂಪ್ರೇ ಮರಿಗಳು ಐದು ವರ್ಷ
ಕಣ್ಣಿಲ್ಲದೆ ಬೆಳೆಯುತ್ತವೆ.
ಇವತ್ತು ಹಬ್ಬವೆಂದು ಅವಕ್ಕೆ ಹೇಳುವವರು ಯಾರು?
ನಾನು ಕೆಲಸಕ್ಕೆ ಸೇರಿದ ವರ್ಷ
ಈ ಹೊಳೆಯನ್ನು ನಾಯಿಗಳೂ ಹಾರಿ ದಾಟುತ್ತಿದ್ದವು.

ಕೆಂಪು ಚಕ್ರದ ಮೇಲೆ ಕೈ ಇಟ್ಟದ್ದು ನಿಜ.
ತೆಗೆದದ್ದು ತಡವಾಗಿ, ಅದೂ ನಿಜ.

ಆಮೇಲೆ ಅಗ್ನಿಶಾಮಕದವರನ್ನು ಕರೆದೆ.
ಬೆಟ್ಟದ ಹಬ್ಬದ ಬೆಂಕಿ ಕಾಯುತ್ತಿದ್ದ ಎಗೀಲ್ಸ್ ಬಂದ,
ಜೊತೆಗಿಬ್ಬರು ಹುಡುಗರು,
ಹೆಲ್ಮೆಟ್ಟಿನ ಮೇಲೆ ಓಕ್ ಎಲೆಯ ಕಿರೀಟ.
ಪಂಪಿನ ಸೊಂಡಿಲು ತೊಟ್ಟಿಗೆ, ಹೋಸಿನ ಮೂತಿ ಆಕಾಶಕ್ಕೆ.
ಇಡೀ ಊರಿನ ಕೊಳೆ ಮೇಲೆದ್ದು
ಗಾಳಿ ಕುಡಿದು ಮಳೆಯಾಗಿ ಸುರಿಯಿತು, ಮತ್ತೆ ಎದ್ದಿತು.
ಓರೆ ಬಿಸಿಲಿಗೆ ಅದರಲ್ಲೂ ಒಂದು ಕಾಮನಬಿಲ್ಲು,
ನಾಚಿಕೆಯಿಲ್ಲದೆ.
"ಮಂಗಳವಾರದ ತನಕ ಹೆಂಡತಿ ಒಳಗೆ ಸೇರಿಸಲ್ಲ,"
ಎಗೀಲ್ಸ್ ತೊಯ್ದ ಎಲೆಗಳನ್ನು ಮೂಸಿ ನೋಡಿದ.

ಎರಡು ಗಂಟೆಗೆ ಸೊನ್ನೆ ಪಾಯಿಂಟ್ ಒಂಬತ್ತು.
ನಾಲ್ಕಕ್ಕೆ ಒಂದೂವರೆ ದಾಟಿತು.
ಒಂದು ಗಂಟೆ ಬಾಯಿ ತೆರೆಯಿತು. ಪಕ್ಕದ್ದು.
ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ
ಕಂದು ಕೆಳಗೆ ಕೂತು, ಮೇಲೆ ನೀರು ನಿಂತಿತು;
ಅದರಾಚೆ ಹಿಡಿದು ನಿನ್ನೆಯ ಪತ್ರಿಕೆ ಓದಿದೆ,
ಹವಾಮಾನದ ಸಣ್ಣಕ್ಷರ ಕೂಡ.

ತಿರುವಿನಲ್ಲಿ ಬೆಳಗಿನ ಹುಡುಗರು ಹುಡುಗಿಯರು
ಬಟ್ಟೆ ಕಳಚಿ ಹೊಳೆಗೆ ಹಾರಿದರು, ಚಳಿಗೆ ಕಿರುಚಿದರು.
ಬೇಕರಿಯ ಜೈಗ ಮುಳುಗೆದ್ದು
ಬಾಯ್ತುಂಬ ನೀರು ಕಾರಂಜಿಯಾಗಿ ಉಗುಳಿ ನಕ್ಕಳು.
ನಾನು ದಡದ ಪೊದೆಯಾಚೆ, ನನ್ನ ವಾಸನೆಯೊಂದಿಗೆ.

ನನ್ನ ಹೆಸರಿಗೆ ನಮ್ಮಲ್ಲಿ ತಿಳಿ ಎಂದು ಅರ್ಥ.
ಅವ್ವ ಆಕಾಶ ನೋಡಿ ಇಟ್ಟದ್ದಂತೆ.
ಹೊಳೆ ತಿಳಿಯಾಗಿತ್ತು.
ಯಾರಿಗೂ ಏನೂ ತಿಳಿಯಲಿಲ್ಲ.

ಎಂಟಕ್ಕೆ ಬೆಲ್ಟಿನ ಅರ್ಜಿ ಮತ್ತೆ ಬರೆದೆ, ಇದು ಐದನೆಯದು.
ಮನೆಯಲ್ಲಿ ನನ್ನ ಚೀಸಿನ ಹಳದಿ ನೀರು
ಬಕೆಟ್ಟಿನಲ್ಲಿ ಕಾಯುತ್ತಿದೆ,
ಹಂದಿಗೆ ಒಯ್ಯಬೇಕು.