ಬೇಲಿ ಕಡೆಯ ಸೀಟು

ನಾಗವಲ್ಲಿಗೆ ಚಳಿ ಬಂತೆನ್ನಲು ಕ್ಯಾಲೆಂಡರು ಬೇಡ.
ಈರಗಂಗಮ್ಮನ ಉಗುರು ನೋಡಿದರೆ ಸಾಕು:
ಅವರೆಕಾಯಿ ಸೊಗಡು ಹತ್ತಿ ಕಪ್ಪಗಾಗಿರುತ್ತವೆ,
ಸೋಪಿಗೂ ಸೀಗೆಗೂ ಬಗ್ಗದೆ
ಸಂಕ್ರಾಂತಿ ದಾಟುವ ತನಕ.

ಸಂಜೆ ಏಳಕ್ಕೆ ಅವಳ ಜಗಲಿಗೆ ಟೀವಿ ಬರುತ್ತದೆ.
ಸಿದ್ದಗಿರಯ್ಯ ಕೂಸು ಹೊತ್ತ ಹಾಗೆ ಎತ್ತಿ ತಂದು
ರಾಗಿಮೂಟೆಯ ಮೇಲೆ ಕೂರಿಸುತ್ತಾನೆ.
ಪೆನ್‌ಡ್ರೈವು ನನ್ನದು.
ಮೊಬೈಲ್ ಅಂಗಡಿ ಮುಚ್ಚಿ, ಮಂಕಿಟೋಪಿ ಎಳೆದುಕೊಂಡು
ಹಳೇ ಕಾಮಿಡಿ ಪಿಚ್ಚರೊಂದನ್ನು
ಜೇಬಲ್ಲಿ ಬೆಚ್ಚಗಿಟ್ಟು ತರುತ್ತೇನೆ.
ಕೂಲಿ: ಹಿತಕಿದ ಬೇಳೆ ಸಾರು,
ಮುದ್ದೆ ಬೇಕಾದರೆ ಎರಡು.

ಕಪ್ಪುಬಿಳುಪು ಪರದೆ, ಅಲ್ಲಲ್ಲಿ ಜಡಿಮಳೆಯಂಥ ಗೀರು.
ಸಾಲ ಕೊಟ್ಟವನ ಕಣ್ಣು ತಪ್ಪಿಸಲು ಒಬ್ಬ ಗುಮಾಸ್ತ
ಹೆಂಡತಿಯ ಸೀರೆಯುಟ್ಟು ತನಗೆ ತಾನೇ ಅತ್ತಿಗೆಯಾಗುತ್ತಾನೆ.
ಸಾಲ ಕೊಟ್ಟವನು ಆ ಅತ್ತಿಗೆಗೇ ಮನಸೋತು
ಪತ್ರ ಹರಿದುಹಾಕಿ
ಒಂದು ಮಾರು ಸೇವಂತಿಗೆ ತರುತ್ತಾನೆ.
ಎಷ್ಟನೇ ಸಲವೋ ನೋಡುತ್ತಿದ್ದೇವೆ.
ಈರಗಂಗಮ್ಮ ನಗು ಬರುವ ಮುಂಚೆಯೇ ನಗುತ್ತಾಳೆ,
ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಯೇ
ಕೈ ಅಡ್ಡ ಹಿಡಿಯುವವರ ಹಾಗೆ.
ಬೆರಳು ಮಾತ್ರ ನಿಲ್ಲುವುದಿಲ್ಲ.
ಪಟಕ್ಕನೆ ಕಾಯೊಂದು ಬಾಯ್ಬಿಟ್ಟರೆ
ಮೈ ಮುರಿಯುತ್ತ ಹಸಿರು ಹುಳ ಹೊರಗೆ.
'ಟಿಕೆಟ್ಟಿಲ್ದೋನು, ಟಿಕೆಟ್ಟಿಲ್ದೋನು!'
ಕುಣಿಯುತ್ತಾಳೆ ನರಸಮ್ಮನ ಮೊಮ್ಮಗಳು.

ಕರೆಂಟು ಹೋಗುವುದು ಸದಾ
ಅತ್ತಿಗೆಯ ಸೆರಗು ಜಾರುವಾಗಲೇ.
ನಿನ್ನೆಯೂ ಹೋಯಿತು.
ಕತ್ತಲು. ಕಂಬಳಿ ವಾಸನೆ. ಬಚ್ಚಲೊಲೆಯಲ್ಲಿ ಚಟಪಟ ಕರಟ.
ಯಾರೋ ಬೇಲಿಗೆ ಟಾರ್ಚು ಬಿಟ್ಟರು.
ಕಳ್ಳಿಸಾಲಿನ ನಡುವೆ, ಹಂಬು ಹಬ್ಬಿದ ಜಾಲಿಯಲ್ಲಿ
ಎರಡು ಕೆಂಡ.

ಕಾಡುಪಾಪ.

ಬೊಗಸೆಯಷ್ಟು ಮೈ, ಅದರಲ್ಲಿ ಮುಕ್ಕಾಲು ಕಣ್ಣೇ.
ಕಡ್ಡಿಕೈಯಲ್ಲಿ ಕೊಂಬೆ ತಬ್ಬಿ
ಒಂದು ಹೆಜ್ಜೆ ಇಟ್ಟು,
ಇಟ್ಟದ್ದನ್ನು ಮರೆತು, ನೆನೆದು,
ಇನ್ನೊಂದು ಹೆಜ್ಜೆ.
ರೀಲು ಸಿಕ್ಕಿಕೊಂಡಂತೆ.
ಆಮೇಲೆ, ರೀಲು ಬಿಟ್ಟುಕೊಂಡಂತೆ,
ಗಬಕ್ಕನೆ ಮಿಡತೆ ಹಿಡಿದು ತಲೆಯಿಂದ ಶುರುಮಾಡಿ ತಿಂದು
ನಮ್ಮತ್ತ ನೋಡಿತು:
ಆಮೇಲೇನಾಯ್ತು?

ಟಾರ್ಚಿಗೆ ಕೆಂಪು ಜರಿಕಾಗದ ಸುತ್ತಿದೆವು.
ಅದನ್ನು ಎಣಿಸಲು ಬಂದಿದ್ದ ಹುಡುಗಿ ಹೇಳಿಕೊಟ್ಟದ್ದು:
ಬಿಳಿ ಬೆಳಕೆಂದರೆ ಅದರ ಕಣ್ಣಿಗೆ ಖಾರದಪುಡಿ.
ಎಣಿಸಲು ಬಂದವಳು ಒಬ್ಬಳು, ಹಿಡಿಯಲು ಬಂದವನು ಇನ್ನೊಬ್ಬ.
ಹೋದ ಚಳಿಗಾಲ, ಬೈಕು, ಹಿಂದೆ ಗೋಣಿ.
'ಕಾಡಿಗೆಗೆ ಆಯ್ತದೆ ಅದರ ಕಣ್ಣು. ತೋರಿಸಿದ್ರೆ ಐದು ಸಾವಿರ.'
ಈರಗಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ
'ಮೊದ್ಲು ಕೂತ್ಕೊ' ಎಂದಳು.
ಮುಂದೆ ಎರಡು ಮೊರ ಕಾಯಿ ಸುರಿದಳು.
ಪಿಚ್ಚರು ಮುಗಿಯುವ ತನಕ ಸುಲಿದ, ನಕ್ಕ, ಉಂಡ.
ಹೊರಡುವಾಗ ಅವನ ಗೋಣಿಗೆ
ಸಿಪ್ಪೆ ಗಿಡಿದು ತುಂಬಿ ಕಳಿಸಿದಳು:
'ತಗಂಡೋಗಿ ದನಕ್ಕಾಕು.'

ಇರಲಿ. ನಿನ್ನೆ ಕತ್ತಲಲ್ಲಿ
ಮೊದಲು ಬಾಯ್ಬಿಟ್ಟವನು ಸಿದ್ದಗಿರಯ್ಯ,
ಮನೆಯಲ್ಲಿ ಮೂರು ಮಾತಾಡದವನು.
ಗಂಟಲು ಸಣ್ಣ ಮಾಡಿ ಅತ್ತಿಗೆಯಾದ:
'ನೀವು ಹೋಗೀಂದ್ರೆ, ನನಗೆ ನಾಚಿಕೆ!'
ಸಾಲ ಕೊಟ್ಟವನಾದವಳು ನರಸಮ್ಮ.
ಪರದೆಯಿಲ್ಲದೆ ಉಳಿದ ಅರ್ಧ ಪಿಚ್ಚರು ನಡೆದುಹೋಯಿತು,
ನಡುವೆ ಎರಡು ಸೀನು ಹಿಂದುಮುಂದಾಗಿ.
ಕರೆಂಟು ಬಂದಾಗ ಯಾರೂ ಟೀವಿಯ ಕಡೆ ತಿರುಗಲಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದಂತೆ.
ಓಡಲಿ, ಇನ್ನೂ ದಿನವಿದೆ.
ರಾತ್ರಿ ಬೇಲಿಯ ಪಕ್ಕ ಒಬ್ಬನೇ ನಡೆದು ಬರುವಾಗ
ಜಾಲಿಯೊಳಗಿಂದ ಸಣ್ಣದೊಂದು ಸಿಳ್ಳೆ.
ನಿಂತೆ. ಹಿಂದೆಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು
ಗಂಟಲು ಸಣ್ಣ ಮಾಡಿ ಹೇಳಿದೆ,
'ನೀವು ಹೋಗೀಂದ್ರೆ.'

ಹೋಗಲಿಲ್ಲ.
ನಾನೂ ತುಸು ಹೊತ್ತು ನಿಂತೇ ಇದ್ದೆ,
ಕಿವಿಯ ಮೇಲಿನ ಟೋಪಿ ಸರಿಸಿ.