ಹದಿನೆಂಟು ಮಿಲಿಆಂಪ್

ತೀನ್ ಕಂದೀಲಿನ ಹಿಂದಿನ ಗಲ್ಲಿ, ಮೊದಲನೇ ಮಹಡಿ.
ಮೆಟ್ಟಲು ಹದಿನಾಲ್ಕು. ಎಣಿಸೀನಿ.
ಒಂದೊಂದಕ್ಕೂ ಎಡಗಾಲು ಮುಂದ, ಬಲಗಾಲು ಹಿಂದಿನಿಂದ
ಸಾಲ ಕೇಳಾಕ ಬಂದ ಬೀಗನಂಗ.

ಸುಗುಣಾ ಮೇಡಂ ಮೊಳಕೈ ಕೆಳಗ, ಹಿಂಗೈ ಕಡೆ
ಎರಡು ಬಿಲ್ಲೆ ಅಂಟಸ್ತಾಳ. ತಣ್ಣನ ಜೆಲ್ಲು.
ಮೇ ತಿಂಗಳ ರಾಯಚೂರಾಗ ತಣ್ಣಗಿರೋದು ಅದೊಂದ.
"ಹುಸೇನಪ್ಪನೋರ, ಕರೆಂಟ್ ಕೊಡ್ಲಿ?"

ಮೂವತ್ತೊಂದು ವರ್ಷ ಕಂಬ ಹತ್ತಿದವಗ
ಕೇಳೋ ಮಾತೇನ್ರಿ ಅದು?
ನಗಾಕ ಹೋದರ ಅರ್ಧ ಬಾಯಿ ನಗ್ತದ,
ಇನ್ನರ್ಧ ಫ್ಯೂಸು ಹೋದ ಓಣಿ.

ಕೆಲಸಕ್ಕ ಸೇರಿದ ಮೊದಲ ವಾರ
ಮೇಸ್ತ್ರಿ ಖಾಜಾಸಾಬ ಕಲಿಸಿದ್ದ:
ಸಂಶಯ ಬಂದರ ಅಂಗೈಯಿಂದ ಮುಟ್ಟಬ್ಯಾಡಪಾ,
ಹಿಂಗೈಯಿಂದ ಮುಟ್ಟು.
ಕರೆಂಟು ಮುಷ್ಟಿ ಮುಚ್ಚಸ್ತದ.
ಮುಚ್ಚಿದ ಮುಷ್ಟಿ ನಿನ್ನ ಮಾತು ಕೇಳಂಗಿಲ್ಲ.

ಮಾರೆಪ್ಪನೂ ಕೇಳಿದ್ದ ಆ ಮಾತು, ನನ್ನ ಬಾಜೂಕ ನಿಂತು.
ದೇವಸೂಗೂರು ರಸ್ತೆ, ಗಾಳಿ ಬಿಟ್ಟ ಮರುದಿನ.
ಲೈನ್ ಕ್ಲಿಯರ್ ಅಂತ ಫೋನಿನಾಗ ಹೇಳಿದವರು ಯಾರು,
ಕ್ಲಿಯರ್ ಆಗಿದ್ದು ಯಾವ ಲೈನು,
ವಿಚಾರಣಿ ಇನ್ನೂ ಫೈಲಿನಾಗ ಅದ.
ಕೆಳಗ ಇಳಿಸಿದ ಮ್ಯಾಲೂ ತಂತಿ ತುಂಡು ಅವನ ಕೈಯಾಗ.
ಒಂದೊಂದೇ ಬೆರಳು ಬಿಡಿಸಿದವ ನಾನು.
ಕಿರಿಬೆರಳಿನಿಂದ ಶುರು ಮಾಡಿದ್ದೆ. ಹೆಬ್ಬೆರಳು
ಕಡೀತನಕ ಬಿಡಲಿಲ್ಲ.

ಈಗ ನನ್ನ ಬೆರಳು ಬಿಡಸ್ತಾಳ ಈಕಿ.
ಅದೂ ಕಿರಿಬೆರಳಿನಿಂದ.
ಯಾರೂ ಹೇಳಿಕೊಟ್ಟಿಲ್ಲ ಆಕಿಗೆ.

ಡಬ್ಬಿ ನೋಡಿದರ ಎಲಿಅಡಿಕಿ ಡಬ್ಬಿಯಷ್ಟ.
ಗುಂಡಿ ತಿರುವ್ತಾಳ. ಎಂಟು: ಇರುವಿ ಹರದಂಗ.
ಹನ್ನೆರಡು: ರಾಶಿ ಮಾಡುವಾಗ ಜೋಳದ ಸುಂಕು ಹತ್ತಿದಂಗ.
ಹದಿನೆಂಟು.
ಮಣಿಕಟ್ಟು ಎದ್ದು ನಿಂತಿತು,
ಬೆರಳು ಬಿಚ್ಚಿದವು,
ನನ್ನ ಹತ್ರ ಏನೂ ಇಲ್ಲ ಅನ್ನೋ ಹುಡುಗನಂಗ
ಖಾಲಿ ಅಂಗೈ ತೋರಿಸ್ತು.

ಮುಚ್ಚೋ ಕರೆಂಟು ಅಷ್ಟ ಗೊತ್ತಿತ್ತು ನನಗ.
ಬಿಚ್ಚೋದೂ ಒಂದು ಅದ ಅಂತ
ಖಾಜಾಸಾಬ ಹೇಳಿರಲಿಲ್ಲ.

"ಮಿಷನ್ನು ಎತ್ತಿದ್ದು ಲೆಕ್ಕಕ್ಕಿಲ್ಲ" ಅಂತಾಳ ಮೇಡಂ.
"ಅದು ಎತ್ತೋ ಹೊತ್ತಿಗೆ ನೀವೂ ಎತ್ರಿ, ಒಳಗಿಂದ."
ಒಳಗಿಂದ ಅಂದರ ಎಲ್ಲಿಂದ?
ಹುಡುಕ್ತೀನಿ. ತಲಿಯೊಳಗಿನ ಸಬ್‌ಸ್ಟೇಷನ್ನು ಕತ್ತಲ.
ಒಂದು ಫೀಡರು ಸುಟ್ಟದ. ಬಾಜೂ ಊರಿಂದ
ಲೈನು ಎಳೀಬೇಕು, ಕಂಬಾ ಇಲ್ಲದ ಹೊಲದಾಗ.
ಕೋಟಿ ಗೋಡ್ಯಾಗ ಉದ್ದನ ಕಲ್ಲು ಅದಲ್ಲ,
ಅದನ್ನ ಎಳಕೊಂಡು ಬಂದ ಬಂಡಿ, ದನ, ಮಂದಿ
ಬಾಜೂಕ ಸಣ್ಣಗ ಗೀರ್ಯಾರ.
ಸಣ್ಣಾವಿದ್ದಾಗ ನೋಡಿ ನಕ್ಕಿದ್ದೆ.
ಈಗ ಆ ಒಂದೊಂದು ದನದ ಹೆಗಲೂ ನನಗ ಗುರ್ತು.

ಮೊನ್ನೆ ರಾತ್ರಿ ಆಕಳಿಕಿ ಬಂತು.
ಬಾಯಿ ತೆಗದ ಕೂಡಲೇ ಸತ್ತ ಕೈ
ತಾನೇ ಎದ್ದು ಎದಿ ಮಟ ಬಂತು!
ರೊಟ್ಟಿ ಬಡಿಯೋದು ಬಿಟ್ಟು ತಾಯಮ್ಮ ಓಡಿ ಬಂದಳು,
ಕೈತುಂಬ ಹಿಟ್ಟು. ಮೊಮ್ಮಗಳನ್ನ ಎಬ್ಬಿಸಿದಳು,
ಎದುರು ಮನಿ ಗೌಸಿಯಾಬೀನ್ನ ಕರದಳು.
ಎಲ್ಲಾರೂ ಸುತ್ತ ಕುಂತು
ನಾ ಮತ್ತೊಮ್ಮಿ ಆಕಳಸ್ತೀನೇನು ಅಂತ ಕಾದರು.
ಹತ್ತೂವರಿ ತನಕ. ಬರಲಿಲ್ಲ.
ಕಾದವರಿಗೇ ಬಂತು, ಒಬ್ಬರಿಂದ ಒಬ್ಬರಿಗೆ.

ಮೇಡಂ ಕೇಳಿ ಬಿದ್ದು ಬಿದ್ದು ನಕ್ಕಳು.
"ಅದೂ ಲೆಕ್ಕಕ್ಕಿಲ್ಲ ನೋಡ್ರಿ."

ಇವತ್ತು ಡಬ್ಬಿ ಆರಿಸಿ ಬಿಲ್ಲೆ ಕೀಳುವಾಗ
ಅಂಟು ಕೂದಲಿಗೆ ಹತ್ತಿ ಜಗ್ಗಿತು.
ಹೆಬ್ಬೆರಳು ಸರೀತು,
ತೊಗರಿ ಕಾಳಿನಷ್ಟು.
ಆಕಿ ನೋಡಿದಳೋ ಇಲ್ಲೋ, ವೈರು ಸುತ್ತತಿದ್ದಳು.
ಲೆಕ್ಕಕ್ಕ ಬರ್ತದೇನು ಅಂತ ನಾ ಕೇಳಲಿಲ್ಲ.

ಹದಿನಾಲ್ಕು ಮೆಟ್ಟಲು ಇಳಿಯೋತನಕ
ಅದನ್ನ ನಾನೊಬ್ಬನ ಇಟಗೊಂಡೆ,
ಮಾರೆಪ್ಪನ ಹೆಬ್ಬೆರಳಿನ ಬಾಜೂಕ.