ಸಾಮಾನ್ಯ ಅಜ್ಞಾನ ಪರೀಕ್ಷೆ

ರಾತ್ರಿ ಎಂಟಕ್ಕೆ ಸರಿಯಾಗಿ ರೇಡಿಯೊ ಕೆಮ್ಮುತ್ತದೆ.
ಮೊದಲು ಗರಗರ, ಆಮೇಲೆ ಬಿಲ್ಲಾ:
"ಪರೀಕ್ಷಾರ್ಥಿಗಳೇ, ನಕಲು ಹೊಡೆಯಬಹುದು.
ಪಕ್ಕದವನಿಗೂ ಏನೂ ಗೊತ್ತಿಲ್ಲವೆಂಬುದು ನೆನಪಿರಲಿ."

ಕ್ಲಾಕ್ಸ್‌ವಿಕ್ ಬಂದರಿನಲ್ಲಿ ಮೀನು ತೂಗುವವಳು,
ನಲವತ್ತು ವರ್ಷ ತಕ್ಕಡಿಯ ಮುಳ್ಳು ನೋಡಿ ನೋಡಿ
ಯಾರ ಮಾತನ್ನೂ ಪೂರ್ತಿ ನಂಬದವಳು.
ನಾವು ಮೂರು ದೋಣಿ,
ಫಾರೋ ದ್ವೀಪಗಳ ಉತ್ತರಕ್ಕೆ, ಡಿಸೆಂಬರಿನ ಗಾಳಿಯಲ್ಲಿ:
ರೀಟಾ, ತ್ಯಾಲ್ದುರ್, ಲೊಮ್ವೀಗಾ.
ಮೂರಕ್ಕೂ ಹಕ್ಕಿಯ ಹೆಸರು. ಹಾರಿದ್ದನ್ನು ಕಂಡವರಿಲ್ಲ,
ಕಳೆದ ಮಂಗಳವಾರ ನಮ್ಮ ಚಾವಣಿಯ ತಗಡೊಂದು ಹಾರಿದ್ದು ಬಿಟ್ಟರೆ.

ನಾನು ರೀಟಾದ ಅಡುಗೆಯವನು, ಹಾನುಸ್.
ಒಂದು ಕೈಯಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಮೈಕು.
ತಪ್ಪಿ ಆಲೂಗಡ್ಡೆಗೆ ಉತ್ತರ ಹೇಳಿದ ದಿನವೂ ಉಂಟು;
ಅಂದು ಅರ್ಧ ಅಂಕ ಬಂದಿತ್ತು.

ಬಹುಮಾನ, ವರ್ಷದಿಂದ ಗಾಳಿಗೆ ತೂಗುಬಿಟ್ಟ ಕುರಿತೊಡೆ.
ಐದು ವರ್ಷವಾಯಿತು, ತೊಡೆ ಬದಲಾಗುತ್ತದೆ,
ಗೆದ್ದವನಿಲ್ಲ. ಮೀನಿನ ತೂಕದಲ್ಲಿ ಕಳೆದ ಹಾಗೆ
ಬಿಲ್ಲಾ ಅಂಕದಲ್ಲೂ ಮಂಜುಗಡ್ಡೆಯ ಭಾರ ಕಳೆಯುತ್ತಾಳೆ.

"ಪ್ರಶ್ನೆ ಒಂದು. ಕುರಿಗೆ ಕಾಲೆಷ್ಟು?"
"ನಾಲ್ಕು," ಅಂದ ತ್ಯಾಲ್ದುರಿನ ಬೌರ್ಡುರ್,
ಶಾಲೆಯಲ್ಲೂ ಮುಂದಿನ ಬೆಂಚಿನ ಗಿರಾಕಿ.
"ತಪ್ಪು. ಇಳಿಜಾರಿನ ಕುರಿಗೆ
ಎರಡು ಉದ್ದ ಕಾಲು, ಎರಡು ಗಿಡ್ಡ. ವಿವರಿಸದವರಿಗೆ ಸೊನ್ನೆ."
"ಅದು ತಿರುಗಿ ನಿಂತರೆ?"
"ಉರುಳುತ್ತದೆ. ಇಲ್ಲದಿದ್ದರೆ ನಿನ್ನ ತಟ್ಟೆಗೆ ಹೇಗೆ ಬಂತು?"

"ಪ್ರಶ್ನೆ ಎರಡು. ಬಿಟ್ಟ ಸ್ಥಳ ತುಂಬಿರಿ:
ಭೂಮಿಯ ಮುಕ್ಕಾಲು ಭಾಗ ಡ್ಯಾಶ್."
"ನೀರು," ಅಂದೆ. ಅಷ್ಟರಲ್ಲಿ ಒಂದು ಬಕೆಟ್ ಭೂಮಿ
ಕಿಟಕಿಯ ಸಂದಿಯಿಂದ ನನ್ನ ಒಲೆಯ ಮೇಲೆ ಬಂತು.
"ಸರಿ. ಆದರೆ ಅದರಲ್ಲಿ ಅರ್ಧ ನನ್ನ ಸೂರಿನಿಂದ ಸೋರಿದ್ದು.
ಅಂಕ ಸೂರಿಗೆ."

"ಮೂರು. ಹೊಂದಿಸಿ ಬರೆಯಿರಿ.
ಅ ಪಟ್ಟಿ: ಮಂಜು, ಸಾಲ, ಬೌರ್ಡುರನ ಮೂಗು.
ಬ ಪಟ್ಟಿ: ಕರೆಯದೆ ಬರುವುದು, ಕಳಿಸಿದರೂ ಹೋಗದ್ದು,
ಅರ್ಧ ಮೈಲಿಯಿಂದಲೇ ಕಾಣುವುದು."
ಯಾವುದಕ್ಕೆ ಯಾವುದನ್ನು ಕಟ್ಟಿದರೂ ಹೊಂದುತ್ತಿತ್ತು.
ಇಪ್ಪತ್ತು ನಿಮಿಷ ವಾದ. ಮೂಗಿನ ಮಾಲೀಕ ಮುನಿಸಿಕೊಂಡು
ಮೇಲ್ಮನವಿ ಸಲ್ಲಿಸಿದ;
ಮೂಗಿನಿಂದಲೇ ಮಾತಾಡಿದ್ದರಿಂದ ಅದು ತಿರಸ್ಕೃತ.

"ನಾಲ್ಕು. ಇದು ಲೊಮ್ವೀಗಾದ ರೆಗಿನ್‌ಗೆ.
ಚಂದ್ರನ ಮೇಲೆ ಮೊದಲು ಹಸಿದವರು ಯಾರು?"

ಗರಗರ.

"ರೆಗಿನ್, ಹತ್ತು ಅಂಕದ ಪ್ರಶ್ನೆ. ಸುಳಿವು ಬೇಕೇ?"

ಗಾಳಿ ಉತ್ತರ ಹೇಳಿತು, ಯಾರಿಗೂ ತಿಳಿಯದ ಭಾಷೆಯಲ್ಲಿ.
ನನ್ನ ಚಾಕುವಿನಿಂದ ಆಲೂಗಡ್ಡೆ ಸಿಪ್ಪೆ
ಅರ್ಧಕ್ಕೇ ಜೋತುಬಿದ್ದಿತ್ತು.
ಬೌರ್ಡುರ್ ನಗೆಚಾಟಿಕೆ ಮಾಡಲಿಲ್ಲ.
ನಮ್ಮ ನಾಯಕ ಎದ್ದು, ಕಿಟಕಿಯ ಹಬೆ ಒರೆಸಿ,
ಲೊಮ್ವೀಗಾದ ದೀಪ ಇರಬೇಕಾದ ಕಡೆ ನೋಡಿದ.
ಇನ್ನೊಮ್ಮೆ ಒರೆಸಿದ.

ಮೂರನೆಯ ಸಲ ಪ್ರಶ್ನೆಯಲ್ಲಿ ಚಂದ್ರನಿರಲಿಲ್ಲ,
ಹಸಿವಿರಲಿಲ್ಲ. "ರೆಗಿನ್?"
ಅಷ್ಟೇ.

"ಹಾಂ, ಹಾಂ. ಕಕ್ಕಸಿನಲ್ಲಿದ್ದೆ. ಪ್ರಶ್ನೆ ಏನಂದೆ?"

ರೇಡಿಯೊದಲ್ಲಿ ಮೂಗು ಒರೆಸಿಕೊಂಡ ಸದ್ದು.
ಶೀತವಂತೆ ಅವಳಿಗೆ. ಆಗಲಿ.
"ಉತ್ತರ ತಪ್ಪು," ಅಂದಳು. "ನಾಲ್ಕು ಅಂಕ ಕಡಿತ.
ಕೈ ತೊಳೆಯದೆ ಮೈಕು ಮುಟ್ಟಿದ್ದಕ್ಕೆ ಇನ್ನೊಂದು."
"ತೊಳೆದೆ!"
"ಸಾಕ್ಷಿ?"
ಚಂದ್ರನ ಮೇಲೆ ಹಸಿದವನ ಹೆಸರು
ಇವತ್ತಿಗೂ ಹೊರಬಿದ್ದಿಲ್ಲ.

"ಕೊನೆಯದು. ಕಡ್ಡಾಯ, ಎಲ್ಲರಿಗೂ.
ನಾಳೆ ರಾತ್ರಿ ಎಂಟಕ್ಕೆ ಎಲ್ಲಿರುತ್ತೀರಿ?"
"ಇಲ್ಲೇ," ಅಂದ ಬೌರ್ಡುರ್, ಮುನಿಸು ಮರೆತು.
"ಇಲ್ಲೇ," ಅಂದೆ ನಾನು, ಆಲೂಗಡ್ಡೆಯ ಪರವಾಗಿಯೂ.
"ಕಕ್ಕಸಿನಲ್ಲಿ," ಅಂದ ರೆಗಿನ್.

ಮೂವರಿಗೂ ಪೂರ್ಣಾಂಕ, ಮಂಜುಗಡ್ಡೆ ಕಳೆಯದೆ.
ಐದು ವರ್ಷದಲ್ಲಿ ಇದೇ ಮೊದಲು.
ನಾಯಕ ಮತ್ತೆ ಮಲಗಲು ಹೋದ.

ಕುರಿತೊಡೆ ಮಾತ್ರ ಇನ್ನೂ ಅಲ್ಲೇ ತೂಗುತ್ತಿದೆ.
ಮೂವರೂ ಸಮ ಬಂದರೆ ಕತ್ತರಿಸಿ ಹಂಚುವುದು ಹೇಗೆಂದು
ನಿಯಮಾವಳಿಯಲ್ಲಿಲ್ಲವಂತೆ.